ಅಂಚಿಗೆ ತಾಗಿದ್ರೂ ಸಿಕ್ಸಾ?

ನಮ್ಮ ಕಡೆ ಮೆಕ್ಕೆಜೋಳ ಮನೆಗೆ ಬಂದು, ಅಡಿಕೆ ಸುಲಿಯೋ ಗಡಿಬಿಡಿ ಒಂದು ಹಂತಕ್ಕೆ ಬಂತು ಅಂದ್ರೆ ಟೆನಿಸ್ ಬಾಲ್ ಟೂರ್ನಮೆಂಟ್ ಸೀಸನ್ ಶುರು ಅಂತಲೇ ಅರ್ಥ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ಒಂದು ಫ್ಲೆಕ್ಸ್ ಕಣ್ಣಿಗೆ ಬೀಳುತ್ತೆ. ಮೊದಲ ಬಹುಮಾನ, ಎರಡನೇ ಬಹುಮಾನ, ಎಂಟ್ರಿ ಫೀ, ಕೆಳಗೆ ನಾಲ್ಕು ಮೊಬೈಲ್ ನಂಬರ್. ನಿಯಮ ಅಂತ ಇರೋದು ಒಂದೇ ಸಾಲು: ಅಂಪೈರ್ ತೀರ್ಮಾನವೇ ಅಂತಿಮ. ಓವರ್ ಎಷ್ಟು, ಯಾವ ಕಂಪನಿ ಬಾಲು ಅನ್ನೋದು ಫೋನ್ ಮಾಡಿದರೆ ಹೇಳ್ತಾರೆ. ಬ್ಯಾಟ್ ಎಷ್ಟು ದಪ್ಪ ಇರಬಹುದು ಅಂತ ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ನಾನು ಚನ್ನಗಿರಿಯವನು. ಓದಿದ್ದು ಮೆಕ್ಯಾನಿಕಲ್, ಮಾಡೋದು ಸಾಫ್ಟ್‌ವೇರ್. ನನ್ನ ಹಾಗೆ ಇರೋರು ಇದನ್ನು ಓದ್ತಿರೋರಲ್ಲಿ ಬಹಳ ಜನ ಇದ್ದೀರಿ ಅಂತ ಗೊತ್ತು. ಬೆಂಗಳೂರಲ್ಲಿ ಕೆಲಸ, ವರ್ಕ್ ಫ್ರಮ್ ಹೋಮ್ ಸಿಕ್ಕರೆ ಊರು. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಹಾಗೇ ಊರಿಗೆ ಬಂದಾಗ ನ್ಯಾಮತಿಯಲ್ಲಿ ಒಂದು ಟೂರ್ನಮೆಂಟ್ ನಡೀತಿತ್ತು. ಜಗಳೂರಿನ ಚಿಕ್ಕಮ್ಮನ ಮಗ ಅಲ್ಲಿ ಬೌಲಿಂಗ್ ಮಾಡ್ತಾನೆ ಅಂತ ನೋಡೋಕೆ ಹೋಗಿದ್ದೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡೋ ಹುಡುಗ. ಸಂಜೆ ಆರಕ್ಕೆ ಅಂಗಡಿ ಬಿಟ್ಟು, ಬೆಳಕು ಇರೋವರೆಗೂ ಒಂದೇ ಸ್ಟಂಪ್ ನೆಟ್ಟುಕೊಂಡು ಯಾರ್ಕರ್ ಹಾಕ್ತಾನೆ.

ಸೆಮಿಫೈನಲ್, ಕೊನೇ ಓವರ್. ಅವನು ಹಾಕಿದ ಎರಡು ಬಾಲು ಅವನು ಅಂದುಕೊಂಡ ಹಾಗೇ ಬಿದ್ದವು. ಬ್ಯಾಟ್ಸ್‌ಮನ್ ಎರಡಕ್ಕೂ ತಪ್ಪಿದ. ಬಾಲು ಬ್ಯಾಟಿನ ಮೇಲಿನ ಅಂಚಿಗೆ ತಾಗಿ, ಕೀಪರ್ ತಲೆ ಮೇಲೆ ಹಾರಿ, ಬೌಂಡರಿ ಆಚೆ ಹೋಗಿ ಬಿತ್ತು. ಎರಡೂ ಸಿಕ್ಸ್. ಮ್ಯಾಚ್ ಹೋಯ್ತು. ಸೋತಿದ್ದಕ್ಕೆ ಅವನೇನು ಅಳಲಿಲ್ಲ. ಬೈಕ್ ಹತ್ತೋವಾಗ ಒಂದು ಪ್ರಶ್ನೆ ಕೇಳಿದ: "ಅಣ್ಣಾ, ನಾನು ಚೆನ್ನಾಗಿ ಹಾಕಿದ್ರೂ ಸಿಕ್ಸು, ಕೆಟ್ಟದಾಗಿ ಹಾಕಿದ್ರೂ ಸಿಕ್ಸು ಅಂದ್ರೆ, ನಾನು ಪ್ರಾಕ್ಟೀಸ್ ಯಾಕೆ ಮಾಡ್ಬೇಕು?"

ನನ್ನ ಹತ್ರ ಉತ್ತರ ಇರಲಿಲ್ಲ. ಆದರೆ ಆ ಬ್ಯಾಟ್ ನೋಡೋ ಆಸೆ ಆಯ್ತು. ಗೆದ್ದ ತಂಡದ ಹುಡುಗರು ಒಳ್ಳೆಯವರು, "ನೋಡ್ರಿ ಸರ್" ಅಂತ ಕೈಗೆ ಕೊಟ್ಟರು. ಸ್ಕೋರರ್ ಹತ್ರ ಇದ್ದ ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ. ಅಂಚಿನ ದಪ್ಪ 48 ಮಿಲಿಮೀಟರ್. ಎತ್ತಿ ನೋಡಿದರೆ ಹೂವಿನ ಹಾಗೆ ಹಗುರ.

ಇಷ್ಟು ದಪ್ಪ ಬ್ಯಾಟು ಇಷ್ಟು ಹಗುರ ಹೇಗೆ? ಮೊದಲನೆಯದು, ಮರವನ್ನು ಚೆನ್ನಾಗಿ ಒಣಗಿಸಿ ತೂಕ ಇಳಿಸ್ತಾರೆ. ಎರಡನೆಯದು, ಬ್ಯಾಟಿನ ಹಿಂಭಾಗವನ್ನು ದೋಣಿಯ ಹಾಗೆ ತೋಡಿ, ಅಲ್ಲಿ ಉಳಿದ ತೂಕವನ್ನು ಅಂಚುಗಳಿಗೆ ಬಿಡ್ತಾರೆ. ಇದರ ಲಾಭ ಏನು ಅಂತ ಮೆಕ್ಯಾನಿಕಲ್ ಓದಿದವರಿಗೆ ತಕ್ಷಣ ಹೊಳೆಯುತ್ತೆ. ಬಾಲು ಬ್ಯಾಟಿನ ನಡುವೆ ತಾಗದೆ ಪಕ್ಕಕ್ಕೆ ತಾಗಿದರೆ ಬ್ಯಾಟು ಕೈಯಲ್ಲಿ ತಿರುಗುತ್ತೆ, ಹೊಡೆತದ ಬಲ ಅಲ್ಲೇ ಸೋರಿ ಹೋಗುತ್ತೆ. ತೂಕ ಅಂಚಿನ ಕಡೆಗೆ ಹೋದಷ್ಟೂ ಬ್ಯಾಟು ತಿರುಗೋದು ಕಡಿಮೆ. ಅಂದರೆ ತಪ್ಪು ಹೊಡೆತಕ್ಕೆ ಬೀಳಬೇಕಾದ ದಂಡವನ್ನು ಬ್ಯಾಟೇ ಮಾಫಿ ಮಾಡಿಬಿಡುತ್ತೆ.

ಇದು ನಮ್ಮ ತಾಲೂಕು ಮಟ್ಟದ ಗೋಳು ಮಾತ್ರ ಅಂದುಕೋಬೇಡಿ. ನಮ್ಮ ಜಿಲ್ಲೆಯ ಹೆಮ್ಮೆ, 'ದಾವಣಗೆರೆ ಎಕ್ಸ್‌ಪ್ರೆಸ್' ಆರ್. ವಿನಯ್ ಕುಮಾರ್ ಅವರನ್ನು ನೆನಪಿಸಿಕೊಳ್ಳಿ. 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ಬೆನ್ನು ಬೆನ್ನಿಗೆ ರಣಜಿ ಟ್ರೋಫಿ ಗೆದ್ದುಕೊಟ್ಟ ಕ್ಯಾಪ್ಟನ್. ಅದೇ ವಿನಯ್ 2013ರ ನವೆಂಬರ್ 2ರಂದು, ತವರು ಅಂಗಳ ಚಿನ್ನಸ್ವಾಮಿಯಲ್ಲಿ, ಆಸ್ಟ್ರೇಲಿಯಾ ವಿರುದ್ಧ 9 ಓವರಿಗೆ 102 ರನ್ ಕೊಟ್ಟರು. ರೋಹಿತ್ ಶರ್ಮಾ 209 ಹೊಡೆದ ಮ್ಯಾಚ್ ಅಂತ ಎಲ್ಲರಿಗೂ ನೆನಪಿದೆ. ಆ ಒಂದೇ ದಿನ ಎರಡೂ ತಂಡ ಸೇರಿ 38 ಸಿಕ್ಸರ್. ಭಾರತ ಗೆದ್ದಿತು, ಆದರೆ ವಿನಯ್‌ಗೆ ಅದೇ ಕೊನೆಯ ಒನ್ ಡೇ ಆಯ್ತು.

ಎಲ್ಲ ತಪ್ಪನ್ನೂ ಬ್ಯಾಟಿನ ಮೇಲೆ ಹಾಕೋದು ನ್ಯಾಯ ಅಲ್ಲ. ಚಿನ್ನಸ್ವಾಮಿ ಚಿಕ್ಕ ಮೈದಾನ, ಪಿಚ್ ಹಾಗಿತ್ತು, ಹೊಡೆದವರೂ ಸಾಮಾನ್ಯರಲ್ಲ. ಆದರೆ ಆ ವರ್ಷಗಳಲ್ಲಿ ಬ್ಯಾಟುಗಳು ಊದಿಕೊಳ್ತಾ ಹೋಗಿದ್ದು ಸುಳ್ಳಲ್ಲ. ಅದಕ್ಕೇ ಕ್ರಿಕೆಟ್ ನಿಯಮ ಬರೆಯೋ ಎಂಸಿಸಿ 2017ರ ಅಕ್ಟೋಬರ್ 1ರಿಂದ ಹೊಸ ಮಿತಿ ಹಾಕಿತು. ಬ್ಯಾಟಿನ ಅಂಚು 40 ಮಿಲಿಮೀಟರ್ ಮೀರಬಾರದು, ಒಟ್ಟು ದಪ್ಪ 67 ಮೀರಬಾರದು. ಅಗಲಕ್ಕೆ ಮೊದಲಿನಿಂದಲೂ ಇದ್ದ 108ರ ಮಿತಿ ಹಾಗೇ ಉಳೀತು. ತೂಕಕ್ಕೆ ಮಾತ್ರ ಇವತ್ತಿಗೂ ಮಿತಿ ಇಲ್ಲ. ಎತ್ತೋ ತಾಕತ್ತಿದ್ದರೆ ಎತ್ತಿ.

ಆ 108 ಮಿಲಿಮೀಟರ್, ಅಂದರೆ ನಾಲ್ಕೂಕಾಲು ಇಂಚಿನ ಕಥೆ ಇನ್ನೂ ಮಜಾ ಇದೆ. 1771ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಹ್ಯಾಂಬಲ್ಡನ್ ತಂಡದ ಎದುರು ವೈಟ್ ಅನ್ನೋ ಒಬ್ಬ ಆಟಗಾರ ವಿಕೆಟ್ ಎಷ್ಟು ಅಗಲವೋ ಅಷ್ಟೇ ಅಗಲದ ಬ್ಯಾಟ್ ಹಿಡಿದು ಬಂದನಂತೆ. ಇನ್ನು ಬೌಲ್ಡ್ ಆಗೋ ಮಾತೆಲ್ಲಿ? ಹ್ಯಾಂಬಲ್ಡನ್‌ನವರು ಆ ಮ್ಯಾಚನ್ನು ಒಂದು ರನ್ನಿನಿಂದ ಗೆದ್ದರು. ಗೆದ್ದ ಮೇಲೂ ಸುಮ್ಮನಿರಲಿಲ್ಲ. ಬ್ಯಾಟು ನಾಲ್ಕೂಕಾಲು ಇಂಚಿಗಿಂತ ಅಗಲ ಇರಬಾರದು ಅಂತ ಬರೆದು ಸಹಿ ಹಾಕಿದರು. ಸಹಿ ಹಾಕಿದವರಲ್ಲಿ ಅವರ ಮುಖ್ಯ ಬೌಲರ್ ಥಾಮಸ್ ಬ್ರೆಟ್ ಕೂಡ ಒಬ್ಬ. 1774ರ ನಿಯಮಗಳಲ್ಲಿ ಅದು ಸೇರಿತು. ಆ ಅಗಲ ಪರೀಕ್ಷೆ ಮಾಡೋಕೆ ಅಂತಲೇ ಕ್ಲಬ್ಬಿನವರು ಒಂದು ಕಬ್ಬಿಣದ ಚೌಕಟ್ಟು ಮಾಡಿಸಿ ಇಟ್ಟಿದ್ದರು. ಎರಡೂವರೆ ಶತಮಾನ ಕಳೆದರೂ ಅಳತೆ ಅದೇ.

ಇಲ್ಲಿ ನನಗೆ ಹಿಡಿಸಿದ್ದು ಎರಡು ವಿಷಯ. ಒಂದು, ನಿಯಮ ಕೇಳಿದವರು ಗೆದ್ದವರು. ಸೋತ ಸಿಟ್ಟಿಗೆ ಕೇಳಿದ್ದಲ್ಲ. ಎರಡು, ನಿಯಮದ ಜೊತೆಗೇ ಅಳೆಯೋ ಚೌಕಟ್ಟನ್ನೂ ಮಾಡಿಸಿದರು. ಅಳೆಯೋಕೆ ಆಗದ ನಿಯಮ ಬರೀ ಕಾಗದ ಅಂತ ಅವರಿಗೆ ಗೊತ್ತಿತ್ತು.

ಇದನ್ನೆಲ್ಲ ನಾನು ಓದ್ತಿದ್ದ ದಿನಗಳಲ್ಲೇ ಆಫೀಸ್ ಕಾಲ್‌ನಲ್ಲಿ ಒಂದು ಮಾತು ಬಂತು. ನಮ್ಮ ಕ್ಲೈಂಟ್ ಕಡೆಯ ಇಂಜಿನಿಯರ್ ಒಬ್ಬರು ಟೊರಾಂಟೋದವರು. ವಾರಾಂತ್ಯದಲ್ಲಿ ಐಸ್ ಹಾಕಿ ಆಡ್ತಾರೆ, ಅದೂ ಗೋಲ್‌ಕೀಪರ್ ಆಗಿ. ನಾನು ಬ್ಯಾಟಿನ ಕಥೆ ಹೇಳಿದ್ದಕ್ಕೆ ಅವರು ನಕ್ಕು, "ನಮ್ಮಲ್ಲಿ ಇದೇ ಜಗಳ ನಮ್ಮ ಪ್ಯಾಡಿನ ಬಗ್ಗೆ ಇದೆ" ಅಂದರು.

ಐಸ್ ಹಾಕಿ ಅಂದರೆ ನಮಗೆ ಲಡಾಖ್ ಹುಡುಗ ಹುಡುಗಿಯರ ವಿಡಿಯೋ ಬಿಟ್ಟರೆ ಹೆಚ್ಚು ಗೊತ್ತಿಲ್ಲ. ಅಲ್ಲಿ ಗೋಲು ಅಗಲ ಆರು ಅಡಿ, ಎತ್ತರ ನಾಲ್ಕು ಅಡಿ, ಅಷ್ಟೇ. ಎದುರಿಂದ ಬರೋದು ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರ್ ಬಿಲ್ಲೆ, ಗಂಟೆಗೆ 160 ಕಿಲೋಮೀಟರ್ ದಾಟೋ ವೇಗದಲ್ಲಿ. ಅದರ ಮುಂದೆ ನಿಲ್ಲೋನಿಗೆ ಪ್ಯಾಡು, ಎದೆಗವಚ, ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಹಿಂದೆಲ್ಲ ಪ್ಯಾಡು ಚರ್ಮದ್ದು, ಒಳಗೆ ಪ್ರಾಣಿಗಳ ಕೂದಲು ತುಂಬಿರ್ತಿತ್ತು. ನೀರು ಕುಡಿದು ಭಾರ ಆಗ್ತಿತ್ತು. ದೊಡ್ಡದು ಮಾಡಿದರೆ ಕಾಲು ಎತ್ತೋಕೇ ಆಗ್ತಿರಲಿಲ್ಲ. ಆಮೇಲೆ ಹಗುರದ ಫೋಮ್ ಬಂತು. ಹಗುರ ಆಗಿದ್ದೇ ತಡ, ಪ್ಯಾಡು ದೊಡ್ಡದಾಗ್ತಾ ಹೋಯ್ತು. ನಮ್ಮ ಬ್ಯಾಟಿನ ಕಥೆಯೇ, ಅಕ್ಷರ ಕೂಡ ಬದಲಿಲ್ಲ.

ಪರಿಣಾಮ? ಉತ್ತರ ಅಮೆರಿಕದ ಎನ್‌ಎಚ್‌ಎಲ್‌ನಲ್ಲಿ 1980ರ ದಶಕದ ಆರಂಭದಲ್ಲಿ ಒಂದು ಮ್ಯಾಚಿಗೆ ಎರಡೂ ತಂಡ ಸೇರಿ ಸುಮಾರು 8 ಗೋಲು ಆಗ್ತಿದ್ದದ್ದು, 2003-04ರ ಹೊತ್ತಿಗೆ 5ರ ಆಸುಪಾಸಿಗೆ ಇಳಿಯಿತು. ಗೋಲ್‌ಕೀಪರ್‌ಗಳ ಆಟದ ಶೈಲಿ, ತಂಡಗಳ ರಕ್ಷಣೆಯ ತಂತ್ರ, ಇವೂ ಕಾರಣ. ಆದರೂ ಪ್ಯಾಡಿನ ಪಾಲು ಎಲ್ಲರ ಕಣ್ಣಿಗೂ ಕಾಣ್ತಿತ್ತು. 2005ರಲ್ಲಿ ಕಾಲಿನ ಪ್ಯಾಡಿನ ಅಗಲವನ್ನು 12 ಇಂಚಿನಿಂದ 11ಕ್ಕೆ ಇಳಿಸಿದರು. ಪ್ಯಾಡಿನ ಎತ್ತರ ಆಯಾ ಆಟಗಾರನ ಕಾಲಿನ ಅಳತೆಗೆ ತಕ್ಕಂತೆ ಇರಬೇಕು ಅಂತ ಆಮೇಲೆ ನಿಯಮ ಬಂತು. 2017ರಲ್ಲಿ ಪ್ಯಾಂಟು, 2018-19ರಲ್ಲಿ ಎದೆ ಮತ್ತು ತೋಳಿನ ಕವಚ ಮೈಗೆ ಹತ್ತಿರ ಆಗೋ ಹಾಗೆ ಚಿಕ್ಕದಾದವು. ಆಗ ಕೆಲವು ಗೋಲ್‌ಕೀಪರ್‌ಗಳು ತೋಳು ಕಂದಿಹೋಗ್ತಿದೆ ಅಂತ ದೂರಿದರು. ಅದು ನಿಜವಾದ ದೂರು. ಅಲ್ಲಿ ಬೀಳೋದು ಟೆನಿಸ್ ಬಾಲಲ್ಲ.

ನನ್ನ ಟೊರಾಂಟೋ ಗೆಳೆಯರು ಹೇಳಿದ ಒಂದು ಮಾತು ತಲೆಯಲ್ಲಿ ಕೂತುಬಿಡ್ತು: "ಪ್ಯಾಡು ನನ್ನನ್ನ ಕಾಯಬೇಕು. ಗೋಲನ್ನ ಕಾಯಬೇಕಾದವನು ನಾನು."

ಎಲ್ಲ ಆಟದ ಸಲಕರಣೆಗೂ ಈ ಗೆರೆ ಎಳೆದು ನೋಡಬಹುದು. ನಮ್ಮ ಹಾಕಿಯನ್ನೇ ತಗೊಳ್ಳಿ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಪೆನಾಲ್ಟಿ ಸ್ಟ್ರೋಕ್‌ಗಳನ್ನು ತಡೆದು, 32 ವರ್ಷಗಳ ನಂತರ ಭಾರತಕ್ಕೆ ಚಿನ್ನ ತಂದವರು ಬೆಂಗಳೂರಿನಲ್ಲಿ ನೆಲೆಸಿದ ಆಶಿಶ್ ಬಲ್ಲಾಳ್. ಅವರು ಕಾದ ಗೋಲಿನ ಅಗಲ 3.66 ಮೀಟರ್. ಹಾಕಿ ನಿಯಮದಲ್ಲಿ ಕಾಲಿನ ಪ್ಯಾಡು ತಲಾ 300 ಮಿಲಿಮೀಟರ್ ಅಗಲ ಮೀರೋ ಹಾಗಿಲ್ಲ. ಕೈಗವಚ 228 ಮಿಲಿಮೀಟರ್ ಅಗಲ, 355 ಉದ್ದ ಮೀರೋ ಹಾಗಿಲ್ಲ. ಉಳಿದ ಜಾಗವನ್ನೆಲ್ಲ ಕಣ್ಣು, ಕಾಲು, ಧೈರ್ಯದಿಂದ ತುಂಬಬೇಕು. ಆ ಜಾಗ ಖಾಲಿ ಇದ್ದಿದ್ದಕ್ಕೇ ಆ ಚಿನ್ನಕ್ಕೆ ಬೆಲೆ.

ಕ್ರಿಕೆಟ್‌ನಲ್ಲಿ ವಿಕೆಟ್ ಕೀಪರ್ ಗ್ಲೌಸಿಗೂ ಹೀಗೇ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮಾತ್ರ ಬಟ್ಟೆ ಹೊಲಿಯಬಹುದು, ಅದೂ ಹಿಗ್ಗದ ಬಟ್ಟೆ. ಉಳಿದ ಬೆರಳುಗಳ ನಡುವೆ ಬಾತುಕೋಳಿ ಪಾದದ ಹಾಗೆ ಬಲೆ ಕಟ್ಟೋ ಹಾಗಿಲ್ಲ. 1983ರ ವಿಶ್ವಕಪ್‌ನಲ್ಲಿ ಅತ್ಯುತ್ತಮ ವಿಕೆಟ್ ಕೀಪರ್ ಅನಿಸಿಕೊಂಡ ನಮ್ಮ ಸೈಯದ್ ಕಿರ್ಮಾನಿ ಹಿಡಿದ ಕ್ಯಾಚುಗಳನ್ನು ಕಿರ್ಮಾನಿಯ ಕ್ಯಾಚು ಅಂತೀವಿ, ಯಾರೂ ಗ್ಲೌಸಿನ ಕ್ಯಾಚು ಅನ್ನಲ್ಲ.

ಸರಿ, ಇಷ್ಟೆಲ್ಲ ತಿಳ್ಕೊಂಡು ಊರಲ್ಲಿ ಏನಾಯ್ತು ಅಂತ ಕೇಳ್ತೀರಿ. 2025ರ ಏಪ್ರಿಲ್‌ನಲ್ಲಿ ಐಪಿಎಲ್ ಅಂಪೈರ್‌ಗಳು ಮೈದಾನದಲ್ಲೇ, ಟಿವಿ ಎದುರಿಗೇ, ಬ್ಯಾಟನ್ನು ಗೇಜ್‌ನಲ್ಲಿ ತೂರಿಸಿ ನೋಡೋಕೆ ಶುರು ಮಾಡಿದರು. ಜೈಪುರದಲ್ಲಿ ನಡೆದ ಆರ್‌ಸಿಬಿ ಮ್ಯಾಚಿನಲ್ಲೂ ನೋಡಿದರು. ಆವತ್ತು ನಮ್ಮ ಟೂರ್ನಮೆಂಟ್ ವಾಟ್ಸ್‌ಆ್ಯಪ್ ಗ್ರೂಪ್ ಹೊತ್ತಿ ಉರೀತು. "ನಮ್ಮಲ್ಲೂ ಗೇಜ್ ತರ್ರಿ" ಅಂತ ಅರ್ಧ ಜನ. "ಏನ್ ಇದು ಐಪಿಎಲ್ ಅಂತ ತಿಳ್ಕೊಂಡೀರಾ" ಅಂತ ಇನ್ನರ್ಧ ಜನ. ಕೊನೆಗೆ, ನಾಲ್ಕೂ ತಾಲೂಕಿನ ತಂಡಗಳು ಬರೋ ನಮ್ಮ ಚನ್ನಗಿರಿ ಟೂರ್ನಮೆಂಟಿಗೆ ಮುಂಚೆ ಕಮಿಟಿ ಮೀಟಿಂಗ್ ಕರೆದರು. ಇಂಜಿನಿಯರ್ ಅಂತ ನನ್ನನ್ನೂ ಕೂರಿಸಿದರು.

ಮೊದಲ ಆಕ್ಷೇಪ ಬಂದಿದ್ದು ಹಿರಿಯರೊಬ್ಬರಿಂದ. "ಜನ ಬರೋದೇ ಸಿಕ್ಸ್ ನೋಡೋಕಪ್ಪಾ. ಸಿಕ್ಸ್ ಕಮ್ಮಿ ಆದ್ರೆ ಚೇರು ಖಾಲಿ." ಇದಕ್ಕೆ ಉತ್ತರ ಕೊಡೋದು ಕಷ್ಟ ಆಗಲಿಲ್ಲ. ನಡುಬ್ಯಾಟಿಗೆ ತಾಗಿದ್ದು 40 ಮಿಲಿಮೀಟರ್ ಅಂಚಿನ ಬ್ಯಾಟಿನಲ್ಲೂ ಹೋಗುತ್ತೆ. ತಪ್ಪಿದ ಹೊಡೆತಕ್ಕೆ ಮಾತ್ರ ಮಾಫಿ ಕಡಿಮೆ ಆಗುತ್ತೆ.

ಎರಡನೇ ಆಕ್ಷೇಪ ಎಲ್ಲರನ್ನೂ ಸುಮ್ಮನಾಗಿಸಿತು. ಹೊನ್ನಾಳಿ ಹತ್ತಿರದ ಒಂದು ತಾಂಡಾದ ತಂಡದ ಕ್ಯಾಪ್ಟನ್ ಎದ್ದು ನಿಂತ. ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. "ಸರ್, ನಮ್ ಹನ್ನೊಂದು ಜನಕ್ಕೆ ಇರೋದೇ ಒಂದು ಬ್ಯಾಟು. ಅಡಿಕೆ ಸುಲಿಯೋ ಕೂಲಿಲಿ ಉಳ್ಸಿ 4,200 ರೂಪಾಯಿ ಕೊಟ್ಟು ತಂದೀವಿ. ಅಂಗಡಿಯೋರು ಇದೇ ಚೆನ್ನಾಗೈತೆ ಅಂದ್ರು. ಈಗ ನೀವು ದಪ್ಪ ಆಯ್ತು ಅಂದ್ರೆ ನಾವು ಎಲ್ಲಿಗೆ ಹೋಗಣ?"

ಅವನ ಬ್ಯಾಟು ಅಳೆದೆವು. ಅಂಚು 46. ನಿಯಮದ ಪ್ರಕಾರ ಹೊರಗೆ.

ಆ ಮೌನದಲ್ಲಿ ನನಗೆ ಒಂದು ವಿಷಯ ಸ್ಪಷ್ಟ ಆಯ್ತು. ದೊಡ್ಡ ಲೀಗಿನಲ್ಲಿ ನಿಯಮ ಬದಲಾದರೆ ಕಂಪನಿಗಳು ಮರುದಿನ ಹೊಸ ಬ್ಯಾಟು, ಹೊಸ ಪ್ಯಾಡು ಕಳಿಸ್ತವೆ. ಎಂಸಿಸಿ ಕೂಡ ತಿಂಗಳುಗಟ್ಟಲೆ ಮುಂಚೆಯೇ ಹೇಳಿ ಆಮೇಲೆ ಜಾರಿ ಮಾಡಿತು. ಇಲ್ಲಿ ಒಂದು ಬ್ಯಾಟು ಅಂದರೆ ಹನ್ನೊಂದು ಹುಡುಗರ ಒಂದು ಸೀಸನ್ನಿನ ಕೂಲಿ. ಬೌಲರ್‌ಗೆ ನ್ಯಾಯ ಕೊಡೋಕೆ ಹೋಗಿ, ಬಡ ತಂಡಕ್ಕೆ ಅನ್ಯಾಯ ಮಾಡಿದರೆ ಲೆಕ್ಕ ಎಲ್ಲಿ ಸರಿಹೋಯ್ತು? ಇತ್ತ ಜಗಳೂರಿನ ನನ್ನ ತಮ್ಮನ ಪ್ರಶ್ನೆಗೂ ಉತ್ತರ ಬೇಕು. ಇಬ್ಬರೂ ಬಡವರೇ. ಒಬ್ಬನ ಹತ್ರ ಬ್ಯಾಟಿದೆ, ಇನ್ನೊಬ್ಬನ ಹತ್ರ ತೋಳಿದೆ.

ಎರಡು ಗಂಟೆ ಮಾತಾಡಿ ಒಂದು ದಾರಿ ಹುಡುಕಿದೆವು. ಗೇಜ್ ನಿಯಮ ಮುಂದಿನ ವರ್ಷದಿಂದ, ಈಗಲೇ ಎಲ್ಲ ತಂಡಕ್ಕೂ ತಿಳಿಸೋದು. ಈ ವರ್ಷ ಕಮಿಟಿಯೇ ಅಳತೆಗೆ ಸರಿಯಾಗಿರೋ ನಾಲ್ಕು ಬ್ಯಾಟು ತಂದು ಅಂಪೈರ್ ಹತ್ರ ಇಡೋದು, ಎರಡೂ ತಂಡ ಅದರಲ್ಲೇ ಆಡೋದು. ಬ್ಯಾಟಿನ ಖರ್ಚು ಒಬ್ಬ ಅಡಿಕೆ ವ್ಯಾಪಾರಿ ಒಪ್ಪಿಕೊಂಡರು. ತಾಂಡಾದ ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಆಗ್ಲಿ ಬಿಡ್ರಿ. ನಮ್ದು ಪ್ರಾಕ್ಟೀಸಿಗೆ ಇರ್ಲಿ. ಮುಂದಿನ್ ಸಲ ಅಳ್ದೇ ತಗೋತೀವಿ" ಅಂದ.

ಗೇಜ್ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ತತ್ವ ಸುಲಭ. ಒಂದು ಹಲಗೆಯಲ್ಲಿ ಬ್ಯಾಟಿನ ಅಡ್ಡಕೊಯ್ತದ ಆಕಾರದ ಕಂಡಿ. ಬ್ಯಾಟು ಬುಡದಿಂದ ಭುಜದವರೆಗೆ ಸಲೀಸಾಗಿ ತೂರಿದರೆ ಪಾಸು, ಸಿಕ್ಕಿಕೊಂಡರೆ ಫೇಲು. ನಮ್ಮ ಬೀದಿಯ ಬಡಗಿ ಮೊದಲು ಪ್ಲೈವುಡ್‌ನಲ್ಲಿ ಮಾಡಿಕೊಟ್ಟರು. ಅದನ್ನೇ ನೋಡಿಕೊಂಡು ದಾವಣಗೆರೆಯ ಒಂದು ವರ್ಕ್‌ಶಾಪಿನಲ್ಲಿ ಅಲ್ಯೂಮಿನಿಯಂ ಶೀಟಿನಲ್ಲಿ ಕೊರೆಸಿದೆ. ಮರ ಸವೆಯುತ್ತೆ, ಮಳೆಗೆ ಊದುತ್ತೆ. ಅಳೆಯೋ ವಸ್ತುವೇ ಬದಲಾಗ್ತಾ ಹೋದರೆ ಜಗಳ ಮೊದಲಿಗಿಂತ ಜಾಸ್ತಿ. ಸ್ಕೇಲ್ ಇಟ್ಟರೆ "ನೀನು ಓರೆ ಹಿಡ್ದೆ" ಅಂತ ವಾದ ಬರುತ್ತೆ, ಕಂಡಿಯಲ್ಲಿ ತೂರಿಸಿದರೆ ವಾದಕ್ಕೆ ಜಾಗ ಇಲ್ಲ. ಹತ್ತು ಸೆಕೆಂಡ್ ಕೆಲಸ, ಎಲ್ಲರ ಕಣ್ಣೆದುರಿಗೆ. ಸಾಫ್ಟ್‌ವೇರ್‌ನಲ್ಲಿ ನಾವು ಟೆಸ್ಟ್ ಕೇಸ್ ಬರೆಯೋದೂ ಇದಕ್ಕೇ ತಾನೇ? ಪಾಸೋ ಫೇಲೋ ಅನ್ನೋದು ಹೇಳುವವರ ಮುಖ ನೋಡಿ ಬದಲಾಗಬಾರದು.

ಟೂರ್ನಮೆಂಟ್ ನಡೀತು. ಸಿಕ್ಸ್ ನಿಲ್ಲಲಿಲ್ಲ, ಚೇರೂ ಖಾಲಿ ಆಗಲಿಲ್ಲ. ಮೇಲಿನ ಅಂಚಿಗೆ ತಾಗಿದ ಕೆಲವು ಬಾಲು ಮಾತ್ರ ಬೌಂಡರಿ ಒಳಗೇ ಇಳಿದು, ಕೆಳಗೆ ಫೀಲ್ಡರ್ ಕೈ ಚಾಚಿ ನಿಂತಿರೋದು ಕಾಣಿಸಿತು. ಒಂದು ಮ್ಯಾಚಿನಲ್ಲಿ ನನ್ನ ತಮ್ಮನ ಯಾರ್ಕರ್ ಒಂದಿಷ್ಟು ಮುಂದೆ ಬಿತ್ತು. ಆ ತಾಂಡಾದ ಹುಡುಗನೇ ಬ್ಯಾಟಿಂಗ್. ಒಂದು ಹೆಜ್ಜೆ ಮುಂದೆ ಬಂದು, ನಡುಬ್ಯಾಟಿಗೆ ತಗೊಂಡು, ಸೈಟ್ ಸ್ಕ್ರೀನ್ ಅಂತ ಕಟ್ಟಿದ್ದ ಬಿಳಿ ಬಟ್ಟೆ ಮೇಲಿಂದ ಎತ್ತಿ ಬಿಸಾಡಿದ. ಆಮೇಲೆ ತಮ್ಮ ನನ್ನ ಹತ್ರ ಬಂದು, ನೀರು ಕುಡೀತಾ ಹೇಳಿದ: "ಅದು ಸಿಕ್ಸ್ ಅಣ್ಣಾ. ಅದಕ್ಕೆ ನನಗೇನೂ ಬೇಜಾರಿಲ್ಲ."

ಸಲಕರಣೆಗೆ ಮಿತಿ ಹಾಕೋದು ಅಂದರೆ ಬ್ಯಾಟ್ಸ್‌ಮನ್ ಮೇಲೋ ಗೋಲ್‌ಕೀಪರ್ ಮೇಲೋ ಹಗೆ ಸಾಧಿಸೋದಲ್ಲ ಅಂತ ನನಗೆ ಅನಿಸೋದು ಇದಕ್ಕೇ. ಎದುರಿಗೆ ನಿಂತವನ ಒಳ್ಳೆಯ ಕೆಲಸಕ್ಕೂ ಒಂದು ಬೆಲೆ ಇರಲಿ ಅನ್ನೋದಷ್ಟೇ ಅದರ ಉದ್ದೇಶ. ಆ ಮಿತಿ ಎಲ್ಲರಿಗೂ ಒಂದೇ ಇರಬೇಕು. ದುಡ್ಡು ಖರ್ಚು ಮಾಡೋಕೆ ಮುಂಚೆಯೇ ಗೊತ್ತಿರಬೇಕು. ಅಳೆಯೋ ಸಾಧನ ಮೈದಾನದಲ್ಲೇ ಇರಬೇಕು.

ಮೊನ್ನೆ ಊರಿಗೆ ಹೋದಾಗ ನಮ್ಮ ಸ್ಪೋರ್ಟ್ಸ್ ಅಂಗಡಿಯವರು ಸಿಕ್ಕಿದ್ದರು. "ಆ ತಗಡಿನ ಗೇಜ್ ಇನ್ನೊಂದು ಮಾಡ್ಸಿಕೊಡ್ರಿ, ದುಡ್ಡು ನಾ ಕೊಡ್ತೀನಿ. ಹುಡುಗ್ರು ಬ್ಯಾಟ್ ಕೈಗೆ ತಗೊಳ್ಳೋಕೆ ಮುಂಚೆ 'ಗೇಜ್ ಐತಾ' ಅಂತ ಕೇಳ್ತವ್ರೆ" ಅಂದರು. ಡ್ರಾಯಿಂಗ್ ಫೈಲು ನನ್ನ ಫೋನಿನಲ್ಲೇ ಇತ್ತು. ಅಲ್ಲೇ ನಿಂತು ವರ್ಕ್‌ಶಾಪಿಗೆ ಕಳಿಸಿದೆ.